ಬಾಯಿ ಮಾತ್ರ

ಆರನೆಯ ಹಳ್ಳಿಯನ್ನೂ ನಕ್ಷೆಗಾರ ಅಳಿಸಿಬಿಟ್ಟ. ಚರ್ಮದ ನಕ್ಷೆಯನ್ನು ಚಾಕುವಿನ ಮೊನೆಯಿಂದ ಮೆಲ್ಲಗೆ ಕೆರೆದು, ಪುಡಿಯನ್ನು ಊದಿ, ಆ ಜಾಗದಲ್ಲಿ ಕಾಡು ಬರೆದ. ಎಂಟು ಮರ. ಅಷ್ಟೇ.

"ನೋಡಿದ್ಯಾ, ಕೈ ಒಂಚೂರೂ ನಡುಗಲಿಲ್ಲ," ಎಂದಳು ಮಗಳು, ಟಿವಿ ಪರದೆಯಿಂದ ಕಣ್ಣು ತೆಗೆಯದೆ.

ಪ್ಲಾಸ್ಟರ್ ಹಾಕಿದ ಕಾಲನ್ನು ಎರಡು ದಿಂಬುಗಳ ಮೇಲಿಟ್ಟುಕೊಂಡು ಅವಳು ಹನ್ನೊಂದು ದಿನಗಳಿಂದ ಹೀಗೇ ಸೋಫಾದಲ್ಲಿ ಒರಗಿದ್ದಳು. ಶಾಲೆಯ ಮೆಟ್ಟಿಲಲ್ಲಿ ಜಾರಿದ್ದು. ಅವಳಮ್ಮ ನರ್ಸ್, ಈ ತಿಂಗಳು ಬೆಳಗಿನ ಪಾಳಿ. ಹಾಗಾಗಿ ಕಚೇರಿಗೆ ಹೊರಡುವ ಮೊದಲು ದಿನಕ್ಕೊಂದು ಕಂತಿನಂತೆ ಮಗಳ ಜೊತೆ ಈ ಜಪಾನಿ ಕಾರ್ಟೂನು, ಅನಿಮೆ, ನೋಡುವುದು ಅಪ್ಪನಾದ ಅವನ ಪಾಲಿಗೆ ಬಂದ ಕೆಲಸ. ಒಟ್ಟು ಹನ್ನೆರಡು ಕಂತು. ಇದು ಹನ್ನೊಂದನೆಯದು.

ಹತ್ತೊಂಬತ್ತು ವರ್ಷಗಳಿಂದ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದವನಿಗೆ ಕಥೆಯನ್ನು ನಾಲ್ಕು ಸಾಲಿಗೆ ಇಳಿಸುವುದು ಕಷ್ಟವಲ್ಲ. ರಾಜನ ಸೈನ್ಯ ಊರುಗಳನ್ನು ಸುಡುತ್ತ ಬರುತ್ತಿದೆ. ಸೈನ್ಯಕ್ಕೆ ದಾರಿ ತೋರಿಸುವುದು ನಕ್ಷೆಗಾರನ ನಕ್ಷೆ. ಅವನು ಊರುಗಳನ್ನು ನಕ್ಷೆಯಿಂದ ಅಳಿಸಿ ಉಳಿಸುತ್ತಾನೆ. ಆಮೇಲೆ ಚಳಿಗಾಲ ಬರುತ್ತದೆ; ದವಸದ ಬಂಡಿಗಳೂ ಅದೇ ನಕ್ಷೆ ಹಿಡಿದು ಹೊರಡುತ್ತವೆ. ಇಲ್ಲದ ಊರಿಗೆ ಬಂಡಿ ಹೋಗುವುದಿಲ್ಲ. ಇದು ನಕ್ಷೆಗಾರನಿಗೆ ಗೊತ್ತು. ಬಾಯಿ ಬಿಟ್ಟರೆ ತಲೆ ಹೋಗುತ್ತದೆ ಎಂಬುದೂ ಗೊತ್ತು. ಸುಮ್ಮನಿದ್ದಾನೆ.

ಖಳನಾಗಿದ್ದರೆ ಸುಲಭವಿತ್ತು. ಈತ ಬೆಕ್ಕಿಗೆ ಹಾಲು ಹಾಕುತ್ತಾನೆ. ಮುದುಕಿಯ ಮೂಟೆ ಹೊರುತ್ತಾನೆ. ಮಲಗಿದರೆ ಒಳ್ಳೆಯ ನಿದ್ದೆ ಬರುತ್ತದೆ. ಅದೇ ಕಿರಿಕಿರಿ. ಮೂರನೆಯ ಕಂತಿನವರೆಗೆ ಅವನು ನಕ್ಷೆಗಾರನನ್ನು ಮೆಚ್ಚಿದ್ದ. ಏಳರ ಹೊತ್ತಿಗೆ ಮೆಚ್ಚುಗೆ ಹೋಗಿತ್ತು. ಒಂಬತ್ತರಿಂದೀಚೆಗೆ, ಈತ ಸಿಕ್ಕಿಬೀಳದಿದ್ದರೆ ಸಾಕು ಎಂದು ಬಯಸತೊಡಗಿದ್ದ.

"ಅವನು ಹೇಳಬೇಕಿತ್ತಾ, ಇಲ್ವಾ? ಒಂದೇ ಮಾತಲ್ಲಿ ಹೇಳು," ಎಂದಳು ಮಗಳು.

"ಎರಡೂ ಕಡೆಯಿಂದ ನೋಡಬೇಕಾಗುತ್ತೆ. ಒಂದು ವೇಳೆ ಹೇಳಿದ್ರೆ—"

"ಶುರುವಾಯ್ತು ಸಂಪಾದಕೀಯ. ನಾನು ಕೇಳಿದ್ದು ಹೆಡ್‌ಲೈನ್ ಅಪ್ಪಾ."

"ಪರಿಸ್ಥಿತಿ ಅವನ ಕೈ ಮೀರಿತ್ತು."

"ಚಾಕು ಅವನ ಕೈಲೇ ಇತ್ತಲ್ಲ!"

ಅವನು ನಕ್ಕ. ಪರದೆಯ ಮೇಲೆ ರಾಜನ ಸಭೆ ನಡೆದಿತ್ತು. ಸಾಲಾಗಿ ಕೂತ ಮಂತ್ರಿಗಳಲ್ಲಿ ಒಬ್ಬ ಮಾತಾಡುತ್ತಿದ್ದ. ಹುಬ್ಬು, ಕೆನ್ನೆ, ಕತ್ತು ಯಾವುದೂ ಅಲುಗುತ್ತಿರಲಿಲ್ಲ, ಬಾಯಿ ಮಾತ್ರ. ಇದನ್ನು ಗಮನಿಸಲು ಕಲಿಸಿದ್ದು ಮಗಳೇ. "ಮುಖ ಒಂದೇ ಚಿತ್ರ. ಅದರ ಮೇಲೆ ಬಾಯಿ ಬದಲಾಯಿಸ್ತಾ ಹೋಗ್ತಾರೆ. ತೆರೆದದ್ದು, ಅರ್ಧ ತೆರೆದದ್ದು, ಮುಚ್ಚಿದ್ದು. ಮೂರೇ ಬಾಯಿ ಇದ್ರೆ ಯಾವ ಮಾತು ಬೇಕಾದ್ರೂ ಆಡಿಸಬಹುದು."

"ಮತ್ತೆ ಕಣ್ಣು?"

"ಕಣ್ಣಿಗೆ ಕೆಲಸ ಜಾಸ್ತಿ. ತುಂಬಾ ಮುಖ್ಯವಾದ ಕಡೆ ಮಾತ್ರ ಬರೀತಾರೆ." ರಿಮೋಟ್ ಒತ್ತಿ ನಿಲ್ಲಿಸಿದಳು. "ಕೊನೇದು ಸಂಜೆ ನೋಡೋಣ, ನಾಳೆವರೆಗೆ ಕಾಯೋಕಾಗಲ್ಲ. ಅಷ್ಟರೊಳಗೆ ಉತ್ತರ ರೆಡಿ ಇರಲಿ."

ಕಚೇರಿಯ ಕೆಳಗಿನ ಬೆಂಚಿನಿಂದ ಯಾರೋ ಎದ್ದು ಕೈ ಮುಗಿದರು. ಅವನು ತಲೆಯಾಡಿಸಿ ಮುಂದೆ ಹೋದ.

"ಗುರುತು ಸಿಗಲಿಲ್ವಾ ಸಾರ್? ಮೀಸೆ ತೆಗೆದುಬಿಟ್ಟೆ."

ಪಂಪ್ ರಿಪೇರಿಯವನು. ಒಂಬತ್ತು ದಿನಗಳ ಹಿಂದೆ ಪತ್ರಿಕೆಯ ಐದನೆಯ ಪುಟದಲ್ಲಿ ಕಲಬೆರಕೆ ಔಷಧ ಮಾರಿದವನೊಬ್ಬನ ಬಂಧನದ ಸುದ್ದಿ ಬಂದಿತ್ತು. ಸುದ್ದಿಯ ಜೊತೆ ತಪ್ಪಾಗಿ ಈತನ ಫೋಟೊ. ಏಳನೆಯ ಪುಟದ ಕಸುಬುದಾರರ ಅಂಕಣಕ್ಕೆಂದು ತೆಗೆದದ್ದು. ಎರಡು ಫೋಟೊಗಳದ್ದೂ ಒಂದೇ ಅಳತೆ, ಇಬ್ಬರಿಗೂ ದಪ್ಪ ಮೀಸೆ.

"ಮೀಸೆ ಇಲ್ದಿದ್ರೆ ಜನ ಮರೀತಾರೆ ಅಂದ್ಕೊಂಡೆ. ಈಗ ಮೀಸೆ ಬೋಳಿಸ್ಕೊಂಡು ತಲೆಮರೆಸ್ಕೊಂಡಿದಾನೆ ಅಂತಾರೆ. ಗುರುತು ಸಿಗದೆ ಇದ್ದದ್ದು ನಿಮಗೊಬ್ಬರಿಗೇ ನೋಡಿ." ಒಬ್ಬನೇ ನಕ್ಕ. "ನೀರಿಲ್ಲದೆ ಇದ್ರೂ ಪರವಾಗಿಲ್ಲ, ನೀನು ಬರಬೇಡ ಅಂತಾರೆ ಸಾರ್."

"ಇವತ್ತು ತೀರ್ಮಾನ ಆಗುತ್ತೆ."

ತೀರ್ಮಾನ ಸುದ್ದಿ ಸಂಪಾದಕರ ಗಾಜಿನ ಕೋಣೆಯಲ್ಲಿ ಕಾದಿತ್ತು. ಅವರ ಮೇಜಿನ ಮುಂದೆ ಪುಟ ವಿನ್ಯಾಸಕಾರ ನಿಂತಿದ್ದ. ಸಣಕಲು, ನೆಟ್ಟಗೆ, ಎಲ್ಲರೂ ಸ್ಕೇಲು ಎಂದೇ ಕರೆಯುತ್ತಿದ್ದರು. ಗುತ್ತಿಗೆ ನೌಕರ. ಗುತ್ತಿಗೆ ಮುಗಿಯಲು ಆರು ದಿನ ಉಳಿದಿತ್ತು.

"ಕೂತ್ಕೊಳ್ರಿ," ಎಂದರು ಸಂಪಾದಕರು ಉಪಸಂಪಾದಕನಿಗೆ ಮಾತ್ರ. "ಫೋಟೊ ಹಾಕೋ ಮುಂಚೆ ಇವನು ನಿಮ್ಮನ್ನ ಕೇಳಿದ್ನಂತೆ. ನೀವು ಹೂಂ ಅಂದ್ರಂತೆ. ಹೌದೇನ್ರೀ?"

ಫೋಟೊ ಹಾಕಿದ ಆ ದಿನ, ಸಂಜೆ ಐದು ಗಂಟೆ ಹತ್ತು ನಿಮಿಷ. ತಲೆಬರಹ ಎರಡಕ್ಷರ ಉದ್ದವಾಗಿತ್ತು. ಅವನು ಅದನ್ನು ಕತ್ತರಿಸುತ್ತಿದ್ದ. ಬಲ ಭುಜದ ಪಕ್ಕದಿಂದ ದನಿ ಬಂತು: "ಸಾರ್, ಇದೇ ತಾನೆ?" ಸ್ಕೇಲು ತನ್ನ ಪರದೆಯನ್ನು ಇವನತ್ತ ತಿರುಗಿಸಿದ ಸದ್ದೂ ಕೇಳಿತ್ತು. ಹೂಂ ಎಂದಿದ್ದ. ಕಣ್ಣೆತ್ತಿರಲಿಲ್ಲ.

"ಪುಟ ಅಚ್ಚಿಗೆ ಕಳಿಸೋ ಹೊತ್ತು ಸರ್. ಹತ್ತು ಜನ ಹತ್ತು ಕೇಳ್ತಿರ್ತಾರೆ. ನಿರ್ದಿಷ್ಟವಾಗಿ ನೆನಪಿಲ್ಲ."

"ಅಂದಿರಬಹುದಾ?"

"ಅಂದಿಲ್ಲ ಅಂತ ನಾನು ಹೇಳ್ತಿಲ್ಲ. ಅಂದೆ ಅನ್ನೋಕೆ ಆಧಾರ ಇಲ್ಲ."

ವರದಿಗಾರನೊಬ್ಬ ಇಂಥ ವಾಕ್ಯ ಬರೆದು ತಂದಿದ್ದರೆ ಅವನೇ ಆ ಸಾಲು ಹೊಡೆದು ಹಾಕುತ್ತಿದ್ದ.

ಸ್ಕೇಲು ಅವನನ್ನು ನೋಡಿದ. ಸಿಟ್ಟಿರಲಿಲ್ಲ. ನಿಧಾನದ ಕಂಪ್ಯೂಟರಿನಲ್ಲಿ ಪುಟ ತೆರೆಯುವುದನ್ನು ಕಾಯುವವನ ಹಾಗೆ ನೋಡಿದ. ಆಮೇಲೆ, "ಇರಲಿ ಬಿಡಿ. ಸಾರ್‌ಗೆ ನೆನಪಿಲ್ಲ ಅಂದ್ಮೇಲೆ ಇಲ್ಲ," ಎಂದ.

"ನಿನ್ನ ಗುತ್ತಿಗೆ ಮುಂದುವರಿಸೋಕಾಗಲ್ಲಪ್ಪ," ಎಂದರು ಸಂಪಾದಕರು. "ನಾಳೆಯಿಂದ ಉಳಿದ ಆರು ದಿನ ರಜೆ ಹಾಕ್ಕೋ. ನೀವು ತಿದ್ದುಪಡಿ ಬರೀರಿ. ಚಿಕ್ಕದು. ಒಳಪುಟಕ್ಕೆ."

ಚಿಕ್ಕದಾಗಿಯೇ ಬರೆದ. 'ಐದನೆಯ ಪುಟದಲ್ಲಿ ಪ್ರಕಟವಾದ ಬಂಧನದ ಸುದ್ದಿಯ ಜೊತೆ ಕಣ್ತಪ್ಪಿನಿಂದ ಬೇರೊಬ್ಬರ ಭಾವಚಿತ್ರ ಅಚ್ಚಾಗಿದೆ. ಇದಕ್ಕಾಗಿ ವಿಷಾದಿಸುತ್ತೇವೆ.' ಯಾರ ಕಣ್ಣು ಎಂದು ಕೇಳುವ ಪದ್ಧತಿ ಪತ್ರಿಕೆಯಲ್ಲಿಲ್ಲ.

ಎದ್ದು ಗಾಜಿನ ಕೋಣೆಗೆ ಹೋಗಬಹುದಿತ್ತು. ಇಪ್ಪತ್ತು ಹೆಜ್ಜೆ. ಹೋದರೆ ಕೆಲಸವೇನೂ ಹೋಗುವುದಿಲ್ಲ. ಅವನು ಕಾಯಂ ನೌಕರ, ಒಂದು ನೋಟಿಸು ಬರುತ್ತದೆ, ಅಷ್ಟೆ. ತಲೆ ಹೋಗುವ ಭಯವಾದರೂ ನಕ್ಷೆಗಾರನಿಗಿತ್ತು. ತನ್ನಲ್ಲಿ ಭಯವನ್ನು ಹುಡುಕಿದ. ದಣಿವು ಮಾತ್ರ ಸಿಕ್ಕಿತು. ಹೇಳಿದರೆ ವಿವರಿಸಬೇಕು. ಬರೆದುಕೊಡಬೇಕು. ಈಗಷ್ಟೇ ನೆನಪಿಲ್ಲ ಅಂದಿರಲ್ಲ ಎಂದರೆ ಅದಕ್ಕೊಂದು ಉತ್ತರ ಕೊಡಬೇಕು. ಸಂಪಾದಕರು ಫೋನಿನಲ್ಲಿದ್ದರು. ಮುಗಿಯಲಿ ಎಂದುಕೊಂಡ. ಮುಗಿಯಿತು. ಇನ್ನೊಂದು ಫೋನು ಬಂತು.

ಐದು ಗಂಟೆಗೆ ಬಲ ಭುಜದ ಪಕ್ಕ ದನಿ ಬಂತು.

"ಸಾರ್, ತಿದ್ದುಪಡಿ ಇಲ್ಲಿ ಕೂರಿಸಿದೀನಿ. ಇದೇ ತಾನೆ?"

ಅವನು ಪೂರ್ತಿ ತಿರುಗಿದ. ಒಂಬತ್ತನೆಯ ಪುಟ, ಕೊನೆಯ ಕಾಲಂ, ಹವಾಮಾನದ ಕೆಳಗೆ.

"ಸರಿಯಾಗಿ ನೋಡಿ ಹೇಳಿ ಸಾರ್."

"ಸರಿಯಾಗಿದೆ."

ಸ್ಕೇಲು ಪುಟ ಕಳಿಸಿದ. ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಬೆನ್ನಿಗೆ ಒರಗಿಸಿಕೊಳ್ಳುತ್ತಿದ್ದ ಪುಟ್ಟ ದಿಂಬು ಎಲ್ಲವನ್ನೂ ಚೀಲಕ್ಕೆ ತುಂಬಿದ. ಬಾಗಿಲ ಹತ್ತಿರ ನಿಂತು ಕೇಳಿದ: "ಮಗಳ ಕಾಲು ಹೇಗಿದೆ ಸಾರ್?"

"ಪರವಾಗಿಲ್ಲ. ಮುಂದಿನ ವಾರ ಪ್ಲಾಸ್ಟರ್ ತೆಗೀತಾರೆ."

"ಒಳ್ಳೇದಾಯ್ತು."

"ಒಂದ್ನಿಮಿಷ," ಎಂದ ಅವನು.

ಸ್ಕೇಲು ತಿರುಗಿದ. "ಏನ್ ಸಾರ್?"

"ಆ ಕಡೆ ಲೈಟು ಆರಿಸಿ ಹೋಗು."

ಆರಿಸಿ ಹೋದ.

ಕೆಳಗೆ ಪಂಪ್ ರಿಪೇರಿಯವನು ಇನ್ನೂ ಕೂತಿದ್ದ.

"ನಾಳೆ ಬರುತ್ತೆ," ಎಂದ ಅವನು.

"ಫೋಟೊ ಸಮೇತ?"

"ತಿದ್ದುಪಡಿಗೆ ಫೋಟೊ ಹಾಕಲ್ಲ."

"ಹೆಸರಾದ್ರೂ?"

"ಹೆಸರೂ ಹಾಕಲ್ಲ."

"ಹಂಗಾದ್ರೆ ಅದು ನಾನಲ್ಲ ಅಂತ ಜನಕ್ಕೆ ಹೆಂಗ್ ಗೊತ್ತಾಗುತ್ತೆ ಸಾರ್?" ಕೇಳಿದ ರೀತಿಯಲ್ಲಿ ಆರೋಪವಿರಲಿಲ್ಲ, ಕೆಟ್ಟ ಪಂಪಿನೊಳಗೆ ಇಣುಕಿ ನೋಡುವ ಕುತೂಹಲ ಮಾತ್ರವಿತ್ತು. ಮೀಸೆಯಿದ್ದ ಜಾಗದ ಚರ್ಮ ಉಳಿದ ಮುಖಕ್ಕಿಂತ ಬೆಳ್ಳಗಿತ್ತು, ಯಾರೋ ಕೆರೆದು ತೆಗೆದ ಹಾಗೆ.

"ಹೂಂ," ಎಂದು ಅವನು ರಸ್ತೆಗೆ ಇಳಿದ.

ಮನೆಯಲ್ಲಿ ಮಗಳು ಟಿವಿ ಹಾಕಿಕೊಂಡೇ ಕಾಯುತ್ತಿದ್ದಳು. ಅವಳಮ್ಮ ಒಳಗೆ ಮಲಗಿದ್ದಳು. ಅವನು ಬೂಟು ಬಿಚ್ಚಿ ಪಕ್ಕದಲ್ಲಿ ಕೂತ.

ಕೊನೆಯ ಕಂತಿನಲ್ಲಿ ನಕ್ಷೆಗಾರ ಹಿಮದಲ್ಲಿ ನಡೆದು ಆರನೆಯ ಹಳ್ಳಿಗೆ ಹೋಗುತ್ತಾನೆ. ಮನೆಗಳ ಬಾಗಿಲುಗಳು ತೆರೆದಿವೆ. ಒಲೆಗಳಲ್ಲಿ ಹಿಮ. ಬೀದಿಯ ನಡುವೆ ನಿಂತು ಅವನು ಏನೋ ಹೇಳತೊಡಗುತ್ತಾನೆ. ತೋರಿಸಿದ್ದು ಬೆನ್ನು ಮಾತ್ರ. ಗಾಳಿಯ ಸದ್ದು. ಪರದೆಯ ಕೆಳಗೆ ಅನುವಾದದ ಅಕ್ಷರಗಳೂ ಮೂಡಲಿಲ್ಲ.

"ಏನಂದ?" ಎಂದು ಅವನು ಮಗಳನ್ನು ಕೇಳಿದ.

"ಅದನ್ನೇ ಅಂದ. ಮಾಡಿದ್ದನ್ನ. ಕೊನೆಗೂ ಹೇಳ್ದ, ಆದ್ರೆ ಕೇಳೋಕೆ ಯಾರೂ ಇಲ್ಲ."

"ಬೆನ್ನು ತೋರಿಸಿದ್ರೆ ಬಾಯೂ ಬರೆಯೋದು ತಪ್ಪುತ್ತೆ," ಎಂದ ಅವನು. "ಉಳಿತಾಯ."

ಅವಳು ನಗಲಿಲ್ಲ. ಮೂಗು ಒರೆಸಿಕೊಂಡಳು. ಹೆಸರುಗಳು ಮೇಲೇರಿ ಮುಗಿದು ಪರದೆ ಕಪ್ಪಾಯಿತು.

"ಅಪ್ಪಾ, ನೀನಾಗಿದ್ರೆ ಹೇಳ್ತಿದ್ದೆ ತಾನೆ?"

ಕಪ್ಪು ಗಾಜಿನಲ್ಲಿ ಇಬ್ಬರೂ ಕಾಣುತ್ತಿದ್ದರು. ಅವಳ ಮುಖ ಅವನತ್ತ ತಿರುಗಿತ್ತು. ಒದ್ದೆಯಾದ ಕಣ್ಣುಗಳು ಅವನ ಹಣೆಯಿಂದ ಗಲ್ಲದವರೆಗೆ ಓಡಾಡುತ್ತ, ರೆಪ್ಪೆ ಮಿಟುಕಿಸುತ್ತ ಕಾಯುತ್ತಿದ್ದವು. ಪಕ್ಕದ ಮುಖ ನೇರ ನೋಡುತ್ತಿತ್ತು. ಅವನು ಹುಬ್ಬೆತ್ತಲು ಪ್ರಯತ್ನಿಸಿದ. ಗಾಜಿನೊಳಗೆ ಯಾವುದೂ ಅಲುಗಲಿಲ್ಲ.

"ಹೂಂ," ಎಂದ.

ಎಂದೋ ಒಮ್ಮೆ ಬರೆದಿಟ್ಟ ಹಾಗಿದ್ದ ಆ ಮುಖದ ಮೇಲೆ ಬಾಯಿ ಅರ್ಧ ತೆರೆಯಿತು, ಮುಚ್ಚಿಕೊಂಡಿತು.