ದ್ಯಾಮಕ್ಕನ ಬಚ್ಚಲ ಬದಿಯ ಬಿಳಿ ಎಲೆ

ಹೊಸಹಳ್ಳಿಯ ದ್ಯಾಮಕ್ಕನ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ಒಂದು ಟೊಮೆಟೊ ಗಿಡವಿತ್ತು. ಅದರ ತುದಿಯ ಎಲೆಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಮೂರು ದಿನ ಜ್ವರದಲ್ಲಿದ್ದ ದ್ಯಾಮಕ್ಕನನ್ನು ಮಾತಾಡಿಸಿಕೊಂಡು ಹೋಗಲು ಬಂದಿದ್ದ ಸುಜಾತಾ, ಕುಡಿಯುತ್ತಿದ್ದ ಚಹಾವನ್ನು ಕಟ್ಟೆಯ ಮೇಲಿಟ್ಟಳು.

ಅಂಥ ಎಲೆ ಇರಬೇಕಾದದ್ದು ಊರಾಚೆಯ ಬೀಜದ ಕಂಪನಿಯ, ಸುತ್ತ ಬಲೆ ಹೊದಿಸಿದ ಬಲೆಮನೆಯೊಳಗೆ ಮಾತ್ರ. ಅಲ್ಲಿ ಪ್ರಯೋಗ ನಡೆಸುವವಳು ಸುಜಾತಾ. ಗಿಡಗಳ ಪಕ್ಕದ ಕುಡಿ ಚಿವುಟುವವಳು ದ್ಯಾಮಕ್ಕ.

"ಬಿಳಿ ಕುಡಿ ಸುಡಾಕ ಹೇಳಿದ್ದೆನಲ್ಲ ದ್ಯಾಮಕ್ಕ."

"ಹಸಿ ಕುಡಿ ಸುಡಾಕ ಅದೇನು ಹೆಣ ಏನ್ರಿ? ಚೆಂದ ಕಾಣ್ತು, ಉಡ್ಯಾಗ ಹಾಕ್ಕೊಂಡು ಬಂದೆ. ಊರಿದ ಎಂಟು ದಿನಕ್ಕ ಬೇರು ಬಿಡ್ತು."

ಸುಜಾತಾ ಬಗ್ಗಿ ಎಲೆ ಮುಟ್ಟಿದಳು. ಬಲೆಮನೆಯ ಮೊದಲ ಸಾಲಿಗೆ ಅವಳು ಒಂದು ವೈರಸ್ ಹಾಕಿದ್ದಳು; ಗಿಡದ ರಸ ತಾಗಿದರೆ ಸಾಕು, ಅದು ಇನ್ನೊಂದು ಗಿಡಕ್ಕೆ ದಾಟುತ್ತದೆ. ಅದರೊಳಗೆ ಗಿಡದ್ದೇ ಒಂದು ಜೀನಿನ ತುಣುಕಿತ್ತು. ಗಿಡ ವೈರಸ್ಸನ್ನು ಕತ್ತರಿಸಿ ಸಣ್ಣ ಆರ್‌ಎನ್‌ಎ ಚೂರುಗಳನ್ನಾಗಿ ಮಾಡುತ್ತದೆ. ಆ ಚೂರುಗಳು ಎಲೆಯಿಂದ ಎಲೆಗೆ ಹೋಗಿ, ಗಿಡದ ಸ್ವಂತ ಜೀನಿನಿಂದ ಬರುವ ಸಂದೇಶವನ್ನೂ ಹುಡುಕಿ ಹುಡುಕಿ ಕಡಿಸುತ್ತವೆ. ಜೀನು ಇದ್ದಲ್ಲೇ ಇರುತ್ತದೆ, ಬಾಯಿ ಮಾತ್ರ ಕಟ್ಟಿರುತ್ತದೆ. ಮೊದಲ ಸಾಲಿನಲ್ಲಿ ಬಾಯಿ ಕಟ್ಟಿದ್ದು ಎಲೆಯ ಬಣ್ಣ ಕಾಯುವ ಜೀನಿಗೆ. ಪ್ರಯೋಗ ಹಿಡಿದಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣಲೆಂದು, ಅಷ್ಟೇ.

"ಇದೊಂದ ತಂದಿದ್ದಾ?" ಕೇಳುವಾಗ ಅವಳಿಗೆ ತುಸು ಸಮಾಧಾನವೇ ಆಗಿತ್ತು. ಒಂದು ಗಿಡ, ಕಿತ್ತರೆ ಮುಗಿಯಿತು.

"ಬಿಳಿದು ಒಂದ. ಸೀಕು ಇದ್ದಂಗ ಐತಿ, ಯಾರಿಗೆ ಕೊಡ್ಲಿ? ಎರಡನೇ ಸಾಲಿನವು ಹಸರಗ ಇದ್ವು ನೋಡ್ರಿ, ಅವನ್ನ ಮೂರು ತಿಂಗಳ ಹಿಂದ ಹಂಚಿದೆ. ಮನಿಗೆ ಬಂದ ಹೆಣ್ಮಗಳನ್ನ ಬರಿ ಉಡೀಲೆ ಕಳಿಸಾಕಾಗತೈತೇನು? ಮಾಗಳದ ಬೀಗತಿಗೆ ನಾಕು ಕುಡಿ, ಉಜ್ಜಿನಿ ಬೊಮ್ಮಮ್ಮಗ ಆರು."

ಸುಜಾತಾ ಮುಟ್ಟಿದ್ದ ಎಲೆ ಬಿಟ್ಟು ಎದ್ದು ನಿಂತಳು.

"ಯಾಕ್ರಿ ಮುಖ ಹಂಗಾತು? ಬಿಳಿ ಗಿಡಕ್ಕ ಹುಷಾರು ಅಂದ್ರಿ. ಹಸರಿಗೆ ಏನೂ ಹೇಳಲಿಲ್ಲ ನೀವು."

ಹೌದು, ಹೇಳಿರಲಿಲ್ಲ. ಆಳುಗಳಿಗೆ ಸುಲಭವಾಗಲೆಂದು ಬಿಳಿಯನ್ನಷ್ಟೇ ತೋರಿಸಿದ್ದಳು. ಎರಡನೇ ಸಾಲಿನಲ್ಲಿ ಅದೇ ವೈರಸ್ ಬಾಯಿ ಕಟ್ಟಿದ್ದು ಬೀಜ ಕಟ್ಟುವ ಜೀನಿಗೆ. ಅದು ಹೊರಗೆ ಎಲ್ಲೂ ಕಾಣುವುದಿಲ್ಲ.

ದ್ಯಾಮಕ್ಕ ಒಳಗೆ ಹೋಗಿ ಒಂದು ಕೆಂಪು ಹಣ್ಣು ತಂದು ಈಳಿಗೆಯಲ್ಲಿ ಸೀಳಿದಳು. "ನಾ ಕೊಟ್ಟ ಕುಡ್ಯಾಗ ಬಿಟ್ಟ ಹಣ್ಣು, ಬೊಮ್ಮಮ್ಮ ಕಳಿಸ್ಯಾಳ. ಒಂದಾದರೂ ಬೀಜ ಐತೇನು ನೋಡ್ರಿ! ಬೆಣ್ಣಿ ಇದ್ದಂಗ ಐತಿ. ಊರಾಗಿನೋರೆಲ್ಲ ನಮಗೂ ಒಂದು ಕುಡಿ ಕೊಡು ಅಂತ ಬೆನ್ನು ಹತ್ತ್ಯಾರಂತ."

"ಬೊಮ್ಮಮ್ಮಂದು ಹೊಲ ಐತೇನು?"

"ಕಂಪನಿಗೆ ಬೀಜ ಮಾಡಿ ಮಾರೋ ಪ್ಲಾಟ್ ರಿ, ಎರಡೆಕರೆ ಟೊಮೆಟೊ. ಸುತ್ತ ಹತ್ತು ಮಂದೀದೂ ಅದ. ಜ್ವರ ಬರೋಕ್ಕಿಂತ ಮೊದಲು ವಾರಗಟ್ಟಲೆ ನಾನ ಹೋಗಿ ಕುಡಿ ಚಿವುಟಿ ಬಂದೀನಿ. ಮುಂಜಾನಿ ನಿಮ್ಮಲ್ಲಿ, ಮಧ್ಯಾನ ಅಲ್ಲಿ."

"ಕೊಟ್ಟಿದ್ದ ಬ್ಲೇಡು, ಕೈತೊಳೆಯೋ ಔಷಧ?"

"ಬ್ಲೇಡಿಗಿಂತ ಉಗುರ ಚಲೋರಿ."

ಅವಳು ಹಣ್ಣಿನ ಹೋಳು ಚಾಚಿದಳು. ಮೂರು ದಿನ ಮಲಗೆದ್ದರೂ ಆ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕುಡಿಯ ರಸ ಕರಿಹಸಿರಾಗಿ ಕೂತಿತ್ತು.