ಎಡಗಡೆ ಮಡ್‌ಗಾರ್ಡು

ಕುಡಿದು ಬಿದ್ದೋರ ಕಾಲಿಗೆಲ್ಲ ನನ್ನ ಕಾರು ಹೊಣೆನಾ ಸಾರ್, ಅರ್ಜೀಲೇ ಇದೆ ನೋಡಿ, ಆರನೇ ಕ್ಲಾಸಿಗೇ ಮಂಗಳ ಹಾಡಿರೋ ಗಿರಾಕಿ — ಕಾರಿನವನು ಅಂದದ್ದೇ ತಡ, ವಿಮೆ ಆಫೀಸಿನ ಬೆಂಚು ಬೆಂಚೇ ಕಿಸಕ್ಕೆಂದಿತು, ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು, ಎರಡು ಹನಿ ಎಣ್ಣೆ ಬಿಟ್ಟರೆ ಸಾಕು, ಅಷ್ಟೂ ಗೊತ್ತಾಗಲ್ಲ ಈ ಓದಿದೋರಿಗೆ, ಅಂದುಕೊಂಡ ಅರ್ಜಿ ಹಾಕಿದ್ದ ಗ್ಯಾರೇಜಿನ ಹುಡುಗ, ಜೇಬಿನೊಳಗಿನ ಮ್ಯಾಗ್ನೆಟ್ಟನ್ನು ಮುಷ್ಟಿಯಲ್ಲಿ ಹಿಸುಕಿದ. ಕುಡುಕನಂತೆ! ಅಪ್ಪ ಕುಡಿದದ್ದೇ ಏಳು ತಲೆಮಾರಿಗೆ ಸಾಕಾಗಿತ್ತು, ಇವನು ಮೂಸಿ ಕೂಡ ನೋಡಿದವನಲ್ಲ, ಅವತ್ತು ಗ್ಯಾರೇಜು ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ, ಹಾಡಹಗಲು, ಬಿಳಿ ಕಾರಿನ ಎಡಗಡೆ ಮಡ್‌ಗಾರ್ಡು, ತೊಡೆಯೊಳಗೆ ಲಟಕ್, ಕಾರು ಒಂದು ಗಳಿಗೆ ನಿಂತಿತು, ಕನ್ನಡಿಯಲ್ಲಿ ಈ ಕಾರಿನವನದೇ ಎರಡು ಕಣ್ಣು, ಆಮೇಲೆ ಹೊಗೆ — ಅಂಗಡಿಯವನು ನಂಬರು ಬರೆದುಕೊಳ್ಳದೆ ಹೋಗಿದ್ದರೆ ಆ ಹೊಗೆಯಷ್ಟೇ ಗತಿ. ತೊಡೆಗೆ ರಾಡು ಹಾಕಿಸಲು ಅಕ್ಕ ಹೊಲಿಗೆ ಮಿಷನ್ನು ಮಾರಿದಳು, ಈಗ ಇನ್ನೊಂದು ಆಪರೇಷನ್ ಆಗಲೇಬೇಕಂತೆ, ಇಲ್ಲದಿದ್ದರೆ ಕಾಲು ಮಡಚೋದಿಲ್ಲ ಅಂದರು ಡಾಕ್ಟರು, ಕುಕ್ಕರಗಾಲಲ್ಲಿ ಕೂರಲಾಗದ, ತಗಡು ಬಡಿಯೋ ಟಿಂಕರಿಂಗ್ ಕೆಲಸದವನು ಯಾವ ಗ್ಯಾರೇಜಿಗೆ ಬೇಕು, ಹಳೇ ಸ್ಪೀಕರಿನಿಂದ ಕಿತ್ತ ಈ ಮ್ಯಾಗ್ನೆಟ್ಟು ನೋಡಿ ಅಕ್ಕ ನಕ್ಕಿದ್ದಳು, ಕಾಲೊಳಗೆ ಕಬ್ಬಿಣ ಇದೆಯಲ್ಲೋ, ಅಂಟುತ್ತಾ ನೋಡೋಣ, ತೊಡೆ ಮೇಲಿಟ್ಟಳು, ಜಾರಿ ಬಿತ್ತು, ಅಷ್ಟಕ್ಕೇ ಯಾಕೋ ಅವಳ ನಗು ಅರ್ಧಕ್ಕೇ ನಿಂತಿತ್ತು. ಕಾರಿಗೆ ಒಂದು ಗೀರೂ ಇಲ್ಲಪ್ಪ, ನಾನೇ ನೋಡಿದೀನಿ, ಫೈಲು ಮುಚ್ಚಲಾ, ಅಂತಿದಾರೆ ಮೇಜಿನಾಚೆಯ ವಿಮೆ ಸರ್ವೇಯರು. ಕೆಳಗೆ ನಿಂತಿದೆಯಲ್ಲ ಸಾರ್, ಒಂದೇ ಒಂದು ಸಲ ನನ್ನ ಜತೆ ಬನ್ನಿ, ಆಮೇಲೆ ಮುಚ್ಚಿ. ಪುಕ್ಕಟೆ ತಮಾಷೆ, ಬೆಂಚೂ ಎದ್ದು ಬಂತು, ಬರಲಿ, ನಕ್ಕ ಒಂದೊಂದು ಹಲ್ಲೂ ಬರಲಿ, ಈ ಕಾರಿನವನ ಕತ್ತಿನ ಪಟ್ಟಿ ಹಿಡಿದು ಆ ಬಾನೆಟ್ಟಿಗೇ ಅಪ್ಪಳಿಸಬೇಕು ಅನ್ನಿಸಿತು, ಬೇಡ, ಹೊಡೆದರೆ ಗಾಯ ಮಾಯುತ್ತೆ, ಇದು ಮಾಯಬಾರದು, ಒಂದೊಂದು ಮೆಟ್ಟಿಲಿಗೂ ತೊಡೆ ಚುಳ್ಳೆನ್ನುತ್ತಿತ್ತು. ಬಿಸಿಲಲ್ಲಿ ಬಿಳಿ ಕಾರು ಮದುವಣಿಗನ ಹಾಗೆ ನಿಂತಿದೆ, ಬಣ್ಣ ಚೆನ್ನಾಗೇ ಹೊಡೆದಿದಾನೆ, ಯಾವನೋ ಕೈ ಪಳಗಿದವನೇ, ಆದರೆ ಬಣ್ಣದ ಕೆಳಗೆ ನೆಗ್ಗು ತುಂಬೋ ಪುಟ್ಟಿ ಎಷ್ಟು ಮೆತ್ತಿದಾನೋ ಅದು ಕಣ್ಣಿಗೆ ಕಾಣೋದಲ್ಲ, ಮ್ಯಾಗ್ನೆಟ್ಟಿಗೆ ಗೊತ್ತು, ತಗಡಿಗಾದರೆ ಅಂಟುತ್ತೆ, ಪುಟ್ಟಿಗೆ ಅಂಟಲ್ಲ. ಬಲಗಡೆ ಮಡ್‌ಗಾರ್ಡಿಗೆ ಇಟ್ಟ. ಟಣ್, ಕಚ್ಚಿ ಹಿಡಿಯಿತು, ಎಳೆದರೂ ಬಿಡದು, ಇದು ತಗಡು ಸಾರ್. ಏಯ್, ಪೇಂಟ್ ಹೋಗುತ್ತೆ ಕಣೋ, ಅಂತ ಕಾರಿನವನು ಓಡಿ ಬಂದು ಎಡಗಡೆಗೇ ಯಾಕೆ ಅಡ್ಡ ನಿಲ್ಲಬೇಕು, ಕಳ್ಳ ಅಂತ ಇನ್ನೂ ಯಾರೂ ಅಂದೇ ಇಲ್ಲ, ಆಗಲೇ ಹೆಗಲು ಮುಟ್ಟಿಕೊಳ್ತಿದಾನೆ. ಸ್ವಲ್ಪ ಸರಿಯಿರಿ, ಅಂದರು ಸರ್ವೇಯರು. ಎಡಗಡೆ ಇಟ್ಟ. ಜಾರಿ ಬಿತ್ತು. ಸರ್ವೇಯರು ತಾವೇ ಬಗ್ಗಿ ಎತ್ತಿಕೊಂಡು ಇಟ್ಟರು, ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ, ಬಿತ್ತು, ಬಿತ್ತು. ಬೆಂಚಿನವರು ಕತ್ತು ಚಾಚಿ ಹತ್ತಿರ ಬಂದರು. ಇಲ್ಲಿ ರಿಪೇರಿ ಯಾವತ್ತು ಮಾಡಿಸಿದ್ರಿ, ಅನ್ನುತ್ತ ಅವರು ಫೈಲು ಬಿಚ್ಚಿ ಪೆನ್ನು ತೆಗೆದರು. ಕಾರಿನವನ ಮುಖ ಬೂದಿ, ಹಿಂದಿನಿಂದ ಬಂದು ಮೊಣಕೈ ಹಿಡಿದ, ದನಿ ಬೆಣ್ಣೆ, ತಮ್ಮಾ, ನಾವು ನಾವೇ ಕೂತು ಮಾತಾಡೋಣ, ಇದೆಲ್ಲ ಯಾಕೆ, ಹೇಳಪ್ಪಾ — ಈಗ ತಮ್ಮ ಆದನಾ, ಆಗಿನ ಕುಡುಕ ಎಲ್ಲಿ ಹೋದ, ಹುಡುಗ ಮೊಣಕೈ ಬಿಡಿಸಿಕೊಂಡು ಗೇಟಿನ ಕಡೆ ನಡೆದ, ಕುಂಟುತ್ತಲೇ, ಹಿಂದೆ ಯಾರೋ ಕೂಗುತ್ತಿದ್ದಾರೆ, ಕೂಗಲಿ, ಅಕ್ಕನಿಗೆ ಹೇಳಬೇಕು, ಇಲ್ಲೂ ಅಂಟಲಿಲ್ಲ ಕಣೇ, ಬಿಳಿ ಬಣ್ಣದ ಮೇಲೆ ಆ ಕರಿ ಬಿಲ್ಲೆ, ಜಾರಿ, ಬಿತ್ತು, ಜಾರಿ, ಬಿತ್ತು