ವಾರ್ನಿಷ್ ಒಣಗುವವರೆಗೆ

ತಂಗಿ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದಳೋ ಇಲ್ಲವೋ, ಅಕ್ಕ ಎದ್ದು ಬಂದು ಅವಳ ಮಣಿಕಟ್ಟು ಹಿಡಿದುಕೊಂಡಳು.

"ಬೇಡ ಕಣೇ. ಧೂಳೇಳುತ್ತೆ."

ಹಜಾರದ ನಡುವೆ ಅಕ್ಕನ ಗಂಡನನ್ನು ಮಲಗಿಸಿದ್ದರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಕಿಟಕಿ ಪಕ್ಕದ ಮೇಜಿನ ಮೇಲೆ ಬೂಟಿನ ಡಬ್ಬಿಯೊಂದನ್ನು ಬೋರಲು ಹಾಕಲಾಗಿತ್ತು, ಗಾಳಿಯಾಡಲೆಂದು ಒಂದು ಅಂಚಿಗೆ ಬೆಂಕಿಪೊಟ್ಟಣದ ಆಸರೆ ಕೊಟ್ಟು. ಅದರಡಿ, ಅವರು ನಿನ್ನೆ ಸಂಜೆ ಕೊನೆಯ ಕೋಟು ವಾರ್ನಿಷ್ ಹೊಡೆದಿಟ್ಟ ಅಂಗೈಯಗಲದ ಮಾದರಿ ವಿಮಾನ. ಅದು ಒಣಗುವವರೆಗೆ ಫ್ಯಾನು ಹಾಕಬಾರದು, ಕಿಟಕಿ ತೆಗೆಯಬಾರದು, ಕಸ ಗುಡಿಸಬಾರದು. ಅವಳು ಮದುವೆಯಾಗಿ ಬಂದಾಗಿನಿಂದ ಈ ಮನೆಯ ಕಾನೂನು ಇದೇ.

"ಸೆಕೆಗೆ ಜೀವ ಹೋಗ್ತಿದೆಯಪ್ಪ" ಎಂದ ಪಕ್ಕದ ಮನೆಯವರು, ಮಲಗಿದ್ದವರತ್ತ ಕಣ್ಣು ಹೋಗಿ ನಾಲಿಗೆ ಕಚ್ಚಿಕೊಂಡರು.

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದು ಇನ್ಯಾರೋ ಪಿಸುಗುಟ್ಟಿದರು. ಅವಳಿಗೆ ಕೇಳಿಸಿತು. ದುಃಖ ಎಲ್ಲಿದೆಯೆಂದು ಒಳಗೆಲ್ಲ ಹುಡುಕಿದಳು, ಸಿಗಲಿಲ್ಲ. ಅವರ ಈ ಕೊನೆಯ ಕೆಲಸ ಧೂಳು ಕೂತು ಹಾಳಾಗಬಾರದು, ತಲೆಯಲ್ಲಿದ್ದದ್ದು ಅದೊಂದೇ.

*

ಮದುವೆಯಾದ ಹೊಸದರಲ್ಲಿ ಒಮ್ಮೆ, ಒಣಗಿತೇನೋ ಎಂದು ಅವಳು ರೆಕ್ಕೆ ಮುಟ್ಟಿಬಿಟ್ಟಿದ್ದಳು. ಹೆಬ್ಬೆರಳ ಗುರುತು ಗೆರೆಗೆರೆಯಾಗಿ ಮೂಡಿತು.

"ತಡ್ಕೊಳ್ಳೋಕಾಗಲ್ವಾ ನಿಂಗೆ?"

"ಇರ್ಲಿ ಬಿಡಿ, ನನ್ನ ಗುರುತು ಅಂತ ಇಟ್ಕೊಳ್ಳಿ."

ಅವರು ನಗಲಿಲ್ಲ. ಒಣಗಿದ ಮೇಲೆ ನುಣ್ಣನೆಯ ಉಪ್ಪುಕಾಗದವನ್ನು ನೀರಲ್ಲಿ ಅದ್ದಿ, ಉಜ್ಜಿ ಉಜ್ಜಿ ಗುರುತು ಅಳಿಸಿ, ಮತ್ತೆ ವಾರ್ನಿಷ್ ಹೊಡೆದರು. ಅವಳು ಮುಖ ಊದಿಸಿಕೊಂಡು ಓಡಾಡಿದಳು. ಆ ಮಹಾನುಭಾವರಿಗೆ ಅದು ಗೊತ್ತೇ ಆಗಲಿಲ್ಲ.

*

ಎಲ್ಲ ಮುಗಿಸಿ ಮನೆಗೆ ಮರಳಿದಾಗ ಸಂಜೆಯಾಗಿತ್ತು. ಅವರ ಜೊತೆ ವಿಮಾನ ಮಾಡುತ್ತಿದ್ದ ಗೆಳೆಯ ಡಬ್ಬಿಯನ್ನು ಮೆಲ್ಲಗೆ ಎತ್ತಿದರು. ಧೂಳು ಕೂತಿರಲಿಲ್ಲ. ಆದರೆ ಎಡರೆಕ್ಕೆಯ ಮೇಲೆ ದೊಡ್ಡದೊಂದು ಹೆಬ್ಬೆರಳ ಗುರುತು, ಅದರ ನಡುವೆ ಅಡ್ಡಗೆರೆ. ಆ ಗೆರೆ, ಗಂಡನ ಹೆಬ್ಬೆರಳಿಗೆ ಹಿಂದೊಮ್ಮೆ ಬ್ಲೇಡು ತಗುಲಿದ ಗಾಯದ್ದು. ಅಂದು ಬಟ್ಟೆ ಕಟ್ಟಿದವಳು ಅವಳೇ.

"ಮಲಗೋ ಮುಂಚೆ ಮುಟ್ಟಿ ನೋಡಿದಾನೆ. ನಮಗೆಲ್ಲ ಅಷ್ಟು ಬೈತಿದ್ದೋನು, ಕೊನೆಗೆ ತಾನೇ ತಡ್ಕೊಳ್ಳಲಿಲ್ಲ ನೋಡಿ" ಎಂದರು ಗೆಳೆಯ. "ಕೊಡಿ ಅತ್ತಿಗೆ, ಉಜ್ಜಿ ಇನ್ನೊಂದು ಕೋಟು ಹೊಡೆದು ತರ್ತೀನಿ. ಗೊತ್ತೇ ಆಗಲ್ಲ."

ಅವಳು ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ವಿಮಾನದ ಮೇಲೆ ಮತ್ತೆ ಬೋರಲು ಹಾಕಿದಳು. ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು.

"ಅಕ್ಕಾ, ಈಗಲಾದ್ರೂ ಫ್ಯಾನ್ ಹಾಕ್ಲಾ?"

"ಬೇಡ. ಇನ್ನೂ ಸರಿಯಾಗಿ ಒಣಗಿಲ್ಲ."

ತಂಗಿ ಸ್ವಿಚ್ಚಿನಿಂದ ಕೈ ತೆಗೆದಳು. ಅಕ್ಕ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಕೂತೇ ಇದ್ದಳು.